ಡುಬ್ಬದ ಹುಲ್ಲು

ಹುಲ್ಲು ಕತ್ತರಿಸುವವರು ಪಿಟ್‌ಲಾರ್ಗೊದಲ್ಲಿ ಬೇಕಾದಷ್ಟು ಜನ ಇದ್ದಾರೆ, ಗೆರೆ ಎಳೆಯುವವಳು ಮಾತ್ರ ಒಬ್ಬಳೇ ಎಂದು ಐಲ್ಸಾ ಲಮ್ಸ್‌ಡೆನ್ ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಬೇರೆಯವರು ಹೊಗಳಲಿ ಎಂದು ಕಾದು ಕೂರುವ ಜಾಯಮಾನ ಅವಳದಲ್ಲ. ವಯಸ್ಸು ಐವತ್ತು ದಾಟಿತ್ತು, ಕಡಲಗಾಳಿಗೆ ಮುಖ ಒರಟಾಗಿತ್ತು, ದನಿ ಮೊದಲಿನಿಂದಲೂ ದೊಡ್ಡದು. ಮರಳುದಿಬ್ಬಗಳ ಮೇಲೆ ಹಬ್ಬಿದ ಆ ಹಳೆಯ ಗಾಲ್ಫ್ ಮೈದಾನದ ಪೂರ್ತಿ ಉಸ್ತುವಾರಿ ಅವಳದು. ಅಲ್ಲಿನ ಹುಲ್ಲು ತನ್ನನ್ನು ಕೇಳಿಯೇ ತಲೆ ಎತ್ತಬೇಕು ಎನ್ನುವ ಹಾಗೆ ಓಡಾಡುತ್ತಿದ್ದಳು, ಹುಲ್ಲೂ ಹೆಚ್ಚುಕಡಿಮೆ ಹಾಗೆಯೇ ನಡೆದುಕೊಳ್ಳುತ್ತಿತ್ತು.

ಆ ಬೇಸಿಗೆ ಪಿಟ್‌ಲಾರ್ಗೊಗೆ ಚಾಂಪಿಯನ್‌ಷಿಪ್ ಬರುವುದಿತ್ತು. ಐಲ್ಸಾ ಕೆಲಸಕ್ಕೆ ಸೇರುವ ಮೊದಲು ಒಮ್ಮೆ ಬಂದಿತ್ತು. ಆಗ ಗ್ರೀನ್‌ಗಳು, ಅಂದರೆ ಗುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನಂಗಳಗಳು, ಅಲ್ಲಲ್ಲಿ ಬೋಳಾಗಿದ್ದವು. ಆಟಗಾರರು ಮೂಗು ಮುರಿದರು, ಪತ್ರಿಕೆಯವರು ಬಾಯಿಗೆ ಬಂದದ್ದನ್ನೆಲ್ಲ ಬರೆದರು, ಚಾಂಪಿಯನ್‌ಷಿಪ್ಪು ಮತ್ತೆ ಈ ಊರಿನ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಐಲ್ಸಾ ಬಂದು, ವರ್ಷಗಟ್ಟಲೆ ಮಣ್ಣಿನ ಜೊತೆ ಗುದ್ದಾಡಿ, ಆ ಗ್ರೀನ್‌ಗಳನ್ನು ದೇಶದಲ್ಲೇ ಬೇರೆಲ್ಲೂ ಇಲ್ಲ ಎನ್ನುವ ಸ್ಥಿತಿಗೆ ತಂದ ಮೇಲೆಯೇ ಅದು ಮರಳಿ ಬರಲು ಒಪ್ಪಿದ್ದು. ಆದ್ದರಿಂದ ಊರಿನ ಪಾಲಿಗೆ ಅದು ಚಾಂಪಿಯನ್‌ಷಿಪ್ಪು, ಐಲ್ಸಾಳ ಪಾಲಿಗೆ ಅವಳ ಹೆಸರು.

ಕತ್ತರಿಸುವ ಯಂತ್ರ ಹುಲ್ಲಿನ ಮೇಲೆ ಮೂಡಿಸುವ ನೇರ ಗೆರೆಯ ಗುಟ್ಟನ್ನು ಅವಳು ಯಾರಿಂದಲೂ ಬಚ್ಚಿಟ್ಟವಳಲ್ಲ. ಯಂತ್ರದ ಮೇಲೆ ಕೂತು ದೂರದಲ್ಲಿ ಒಂದು ಗುರುತು ಹಿಡಿಯಬೇಕು, ಅದರಿಂದ ಕಣ್ಣು ಕೀಳಬಾರದು, ಹಿಂದೆ ತಿರುಗಿ ನೋಡಲೇಬಾರದು. ತಿರುಗಿದರೆ ಭುಜ ತಿರುಗುತ್ತದೆ, ಭುಜ ತಿರುಗಿದರೆ ಚಕ್ರ ತಿರುಗುತ್ತದೆ, ಗೆರೆ ಹಾವಾಗುತ್ತದೆ. ಕೆಲಸಕ್ಕೆ ಬಂದವರಿಗೆಲ್ಲ ಮೊದಲ ದಿನವೇ ಇದನ್ನು ಹೇಳುತ್ತಿದ್ದಳು, ತಿರುಗಿ ನೋಡಿದವರಿಗೆ ಎರಡನೆಯ ದಿನ ಬೈಯುತ್ತಿದ್ದಳು.

ಆಟ ಶುರುವಾಗುವ ಹಿಂದಿನ ವಾರ, ಶುಕ್ರವಾರದ ಬೆಳಗ್ಗೆ, ಟಿವಿಯವರು ಮೇಲಿನಿಂದ ಚಿತ್ರ ತೆಗೆಯಲು ಡ್ರೋನ್ ತಂದರು. ಹದಿನೆಂಟನೆಯ ಗ್ರೀನು, ಅಂದರೆ ಆಟ ಮುಗಿಯುವ ಕೊನೆಯ ಅಂಗಳ, ಅವರಿಗೆ ಮುಖ್ಯವಾಗಿ ಬೇಕಾಗಿತ್ತು. ಮಾರನೆಯ ದಿನದಿಂದ ಕೈಯಲ್ಲಿ ತಳ್ಳುವ ಸಣ್ಣ ಯಂತ್ರಗಳನ್ನಷ್ಟೇ ಬಳಸುವುದು ಪದ್ಧತಿ. ಸವಾರಿ ಯಂತ್ರಕ್ಕೆ ಅದೇ ಕೊನೆಯ ದಿನ. ಐಲ್ಸಾ ಬೇರೆ ಯಾರಿಗೂ ಬಿಡದೆ ತಾನೇ ಹತ್ತಿ ಕೂತಳು. ಚರ್ಚಿನ ಶಿಖರವನ್ನು ಗುರುತು ಹಿಡಿದು ಗೆರೆ ಮೇಲೆ ಗೆರೆ ಎಳೆದಳು. ಕೊನೆಯದನ್ನು ನಟ್ಟನಡುವೆ ಎಳೆದು, ಹಾಗೇ ಶೆಡ್ಡಿನ ಕಡೆ ಹೊರಟುಹೋದಳು. ಆ ಕೊನೆಯ ಗೆರೆಯುದ್ದಕ್ಕೂ ಯಂತ್ರದ ಹೊಟ್ಟೆಯಡಿಯ ಒಂದು ರಬ್ಬರ್ ಕೊಳವೆ ಸೀಳಿ, ಕಾದ ಎಣ್ಣೆ ಸಣ್ಣಗೆ ಸುರಿಯುತ್ತಲೇ ಇತ್ತು. ಹುಲ್ಲು ಹೇಗೂ ಇಬ್ಬನಿಗೆ ಹೊಳೆಯುತ್ತಿದ್ದುದರಿಂದ ನಿಂತು ನೋಡುತ್ತಿದ್ದವರಿಗೂ ಏನೂ ಕಾಣಲಿಲ್ಲ. ಕಾಣಬೇಕಾದವಳು ಶಿಖರ ನೋಡುತ್ತಿದ್ದಳು.

ಶನಿವಾರ ಬೆಳಗ್ಗೆ ಟ್ಯಾಮ್ ಗೌರ್ಲೆ ಅವಳ ಮನೆಗೇ ಬಂದ. ಟ್ಯಾಮ್ ಮೈದಾನದ ಕೆಲಸದಲ್ಲಿ ಅವಳ ಎರಡನೆಯ ಕೈ, ಗೊಣಗುವುದರಲ್ಲಿ ಮೊದಲನೆಯ ಕೈ.

"ಬಾ, ನಿನ್ನ ಗೆರೆ ನೋಡು ಬಾ," ಅಂದ. "ನನ್ನ ಜೀವಮಾನದಲ್ಲಿ ಇಷ್ಟು ನೇರವಾಗಿರೋದು ನೋಡಿಲ್ಲ."

"ಗೊತ್ತಿರೋ ವಿಷಯ ಹೇಳೋಕೆ ಇಷ್ಟು ದೂರ ಬಂದ್ಯಾ?"

"ಈ ಸಲ ಬಣ್ಣಾನೂ ಬಂದಿದೆ. ಬಾ."

ಹದಿನೆಂಟನೆಯ ಗ್ರೀನಿನ ನಡುವೆ, ಈ ಅಂಚಿನಿಂದ ಆ ಅಂಚಿಗೆ, ಒಂದು ಗೇಣು ಅಗಲದ ಕಂದು ಪಟ್ಟಿ ಎದ್ದಿತ್ತು. ಇಸ್ತ್ರಿಪೆಟ್ಟಿಗೆ ಮರೆತು ಸುಟ್ಟ ಬಟ್ಟೆಯ ಬಣ್ಣ. ಐಲ್ಸಾ ಬಗ್ಗಿ ಹುಲ್ಲನ್ನು ಉಜ್ಜಿ ಮೂಸಿದಳು, ಬೆರಳಿಗೆ ಎಣ್ಣೆಯ ವಾಸನೆ ಹತ್ತಿತು. ಒಂದು ಗಳಿಗೆ ಯಾರನ್ನಾದರೂ ಬೈಯಬೇಕು ಅನ್ನಿಸಿತು. ಸುತ್ತ ನೋಡಿದರೆ ಬೈಸಿಕೊಳ್ಳುವುದಕ್ಕೆ ತನ್ನನ್ನು ಬಿಟ್ಟು ಇನ್ನೊಬ್ಬರಿರಲಿಲ್ಲ.

ಪಂದ್ಯಾವಳಿಯ ನಿರ್ದೇಶಕ ಜೂಲಿಯನ್ ಪ್ರೆಂಟಿಸ್ ಲಂಡನ್ನಿನ ಕಡೆಯವನು, ಸಭ್ಯ ಮನುಷ್ಯ, ಶೂಗಳು ಮಾತ್ರ ಈ ಊರಿನ ಮಳೆಗೆ ಹೊಲಿದದ್ದಲ್ಲ. ಅವನು ಪಟ್ಟಿಯ ಪಕ್ಕದಲ್ಲಿ ನಿಂತು ಆ ತುದಿಯಿಂದ ಈ ತುದಿಗೆ ಕಣ್ಣು ಹಾಯಿಸಿದ.

"ಹಸಿರು ಬಣ್ಣ ಸಿಂಪಡಿಸಿದ್ರೆ?" ಕೇಳಿದ. "ಟಿವೀಲಿ ಗೊತ್ತೇ ಆಗಲ್ಲ."

"ಟಿವಿಗೆ ಗೊತ್ತಾಗಲ್ಲ, ಚೆಂಡಿಗೆ ಗೊತ್ತಾಗತ್ತೆ," ಅಂದಳು ಐಲ್ಸಾ. "ಸತ್ತ ಹುಲ್ಲಿನ ಮೇಲೆ ಚೆಂಡು ಬೇರೆ ತರಾನೇ ಓಡತ್ತೆ."

"ಹಾಗಾದ್ರೆ ಕೇಳಿ, ಮಿಸ್ ಲಮ್ಸ್‌ಡೆನ್. ಬುಧವಾರ ಸಂಜೆ ನಾನು ಬಂದು ನೋಡ್ತೀನಿ. ಸರಿ ಇಲ್ಲ ಅಂದ್ರೆ ನಾಲ್ಕು ದಿನವೂ ಗುಳಿ, ಗುಳಿಯ ಬಾವುಟ ಮುಂದಿನ ಮೂಲೇಲೇ ಇರತ್ತೆ, ಚೆಂಡು ಪಟ್ಟಿ ದಾಟೋ ಹಾಗೇ ಇಲ್ಲ. ಯಾಕೆ ಅಂತ ಆಟಗಾರರಿಗೆ ಹೇಳಬೇಕಾಗತ್ತೆ. ಪತ್ರಿಕೆಯವರಿಗೂ."

ಯಾಕೆ ಎಂದರೆ, ಮುಖ್ಯಸ್ಥೆಯೇ ಎಣ್ಣೆ ಸೋರಿಸಿದಳು ಎಂದು. ಐಲ್ಸಾ ಅದನ್ನು ಮನಸ್ಸಿನಲ್ಲೇ ಅಚ್ಚಾದ ಅಕ್ಷರಗಳಲ್ಲಿ ಓದಿಕೊಂಡಳು. ಇನ್ನೊಂದು ಪೀಳಿಗೆ ಪಿಟ್‌ಲಾರ್ಗೊ ಎಂದರೆ ಅದೇ ನೆನಪು.

"ಬುಧವಾರ ಬನ್ನಿ," ಅಂದಳು. "ಪಟ್ಟಿ ಎಲ್ಲಿತ್ತು ಅಂತ ನೀವೇ ನನ್ನ ಕೇಳ್ತೀರಿ."

ಪ್ರೆಂಟಿಸ್ ಹೋದ ಮೇಲೆ ಟ್ಯಾಮ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಮಾತು ಕೊಟ್ಟುಬಿಟ್ಟೆ. ಹುಲ್ಲು ಎಲ್ಲಿಂದ ತರ್ತೀಯ ತಾಯಿ?"

ಸುಟ್ಟ ಪಟ್ಟಿಯನ್ನು ಬೇರು ಸಮೇತ ಕತ್ತರಿಸಿ ತೆಗೆದು, ಅದೇ ಅಳತೆಯ ಜೀವಂತ ಹುಲ್ಲನ್ನು ಮಣ್ಣಿನ ಸಮೇತ ಕೂರಿಸಬೇಕು. ಅದು ಅವರಿಗೆ ಕೈಬಂದ ಕೆಲಸ. ಶೆಡ್ಡಿನ ಹಿಂದೆ ಇಂಥ ಕಷ್ಟಕಾಲಕ್ಕೆಂದೇ ಬೆಳೆಸಿದ ಹುಲ್ಲೂ ಇತ್ತು. ಆದರೆ ಅದು ಗೊಬ್ಬರ ಉಂಡು ಮುದ್ದಿನಿಂದ ಬೆಳೆದ ಹುಲ್ಲು. ಹಚ್ಚಗೆ, ಮೆತ್ತಗೆ, ಕೊಬ್ಬಿಕೊಂಡಿತ್ತು. ಕೊನೆಯ ಗ್ರೀನಿನ ನಡುವೆ ಇಟ್ಟರೆ ಕಂಬಳಿಗೆ ರೇಷ್ಮೆಯ ತೇಪೆ ಹಾಕಿದ ಹಾಗೆ ಕಾಣುತ್ತಿತ್ತು. ಹದಿನೆಂಟನೆಯದಕ್ಕೆ ಸರಿಹೊಂದುವ ಹುಲ್ಲು, ಅದೇ ಮಣ್ಣಿನದು, ಅದೇ ಉಪ್ಪುಗಾಳಿ ಕುಡಿದದ್ದು, ಇಡೀ ಊರಿನಲ್ಲಿ ಒಂದೇ ಕಡೆ ಇತ್ತು. ಅದು ಎಲ್ಲಿ ಎಂದು ಇಬ್ಬರಿಗೂ ಗೊತ್ತಿತ್ತು.

ಹದಿನೆಂಟನೆಯ ಗ್ರೀನಿಗೆ ಒತ್ತಿಕೊಂಡೇ ಹೆಂಗಸರ ಪಟಿಂಗ್ ಬಯಲು ಇದೆ. ಪೂರ್ತಿ ಉಬ್ಬುತಗ್ಗು, ಅದಕ್ಕೇ ಊರಿನವರು ಅದನ್ನು ಡುಬ್ಬ ಅನ್ನುತ್ತಾರೆ. ದೊಡ್ಡ ಮೈದಾನದಲ್ಲಿ ಹೆಂಗಸರು ಕಾಲಿಡಬಾರದು ಎಂದಿದ್ದ ಕಾಲದಲ್ಲಿ, ಬಾಯಿ ಮುಚ್ಚಿಸಲೆಂದು ಗಂಡಸರು ಆ ಮುರುಕು ನೆಲವನ್ನು ಬಿಟ್ಟುಕೊಟ್ಟಿದ್ದರು. ಅಲ್ಲಿ ದೂರ ಹೊಡೆಯುವುದಿಲ್ಲ. ಚೆಂಡನ್ನು ಮೆಲ್ಲಗೆ ತಳ್ಳಿ ಗುಳಿಗೆ ಕಳಿಸುವುದಷ್ಟೇ ಆಟ. ಅಂದಿನಿಂದ ಪ್ರತಿ ಬುಧವಾರ ಸಂಜೆ ಹೆಂಗಸರು ಆಡುತ್ತಾರೆ. ಯುದ್ಧದ ಕಾಲದಲ್ಲೂ ತಪ್ಪಿಸಲಿಲ್ಲ ಎನ್ನುವುದು ಅವರ ಹೆಮ್ಮೆ.

ಏಪ್ರಿಲ್ ತಿಂಗಳಲ್ಲಿ ಐಲ್ಸಾ ಆ ಡುಬ್ಬದ ಅರ್ಧವನ್ನು ಟಿವಿ ಕ್ಯಾಮೆರಾಗಳ ಅಟ್ಟಣಿಗೆಗೆ ಬಿಟ್ಟುಕೊಟ್ಟಿದ್ದಳು. ಹೆಂಗಸರನ್ನು ಒಂದು ಮಾತೂ ಕೇಳಿರಲಿಲ್ಲ. ಬುಧವಾರ ಅವರು ಕೋಲು ಹಿಡಿದು ಬಂದಾಗ ಕಬ್ಬಿಣದ ಕಂಬಗಳು ನೆಟ್ಟಾಗಿತ್ತು. ಈಗ ಚಾಂಪಿಯನ್‌ಷಿಪ್ಪಿನ ವಾರ ಪೂರ್ತಿ ಬೇಲಿ ಹಾಕಿದ್ದರಿಂದ ಉಳಿದರ್ಧಕ್ಕೂ ಬೀಗ. ಬೆಳ್ಳಿ ಚಮಚವೇ ಬಹುಮಾನವಾದ ಅವರ ಪಂದ್ಯದ ಫೈನಲ್ಲು ಬರುವ ಬುಧವಾರವೇ ಇತ್ತು, ರದ್ದಾಯಿತು. ಹೆಂಗಸರ ನಾಯಕಿ ಗ್ರಿಜೆಲ್ ಕಿನ್ನಿಯರ್, ಎಂಬತ್ತು ದಾಟಿದ ಮುದುಕಿ, ಮೀನಿನಂಗಡಿ ನಡೆಸಿ ಇಡೀ ಊರಿಗೆ ತಕ್ಕಡಿ ಹಿಡಿದವಳು. ಏಪ್ರಿಲ್‌ನಿಂದ ಅವಳು ಐಲ್ಸಾಳನ್ನು ಕಂಡರೆ ರಸ್ತೆ ದಾಟುತ್ತಿದ್ದಳು.

"ನಾನು ಬೇಕಾದ್ರೆ ಜೊತೆಗೆ ಬರ್ತೀನಿ," ಅಂದ ಟ್ಯಾಮ್. "ಗೇಟಿನ ತನಕ."

ಗ್ರಿಜೆಲ್ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಳು. ಬಾಗಿಲು ತಟ್ಟಿದ ಶಬ್ದಕ್ಕೆ ತಲೆ ಎತ್ತಲಿಲ್ಲ.

"ಯಾರಿದು, ಟಿವಿಯವರಾ? ನನ್ನ ಅಡುಗೆಮನೇಲೂ ಕಂಬ ನೆಡಬೇಕಾ? ಒಲೆ ಪಕ್ಕ ಜಾಗ ಇದೆ, ನೆಟ್ಕೊಳ್ಳಿ."

"ನಾನು, ಮಿಸೆಸ್ ಕಿನ್ನಿಯರ್. ಐಲ್ಸಾ."

"ಗೊತ್ತು. ನಿನ್ನ ಬೂಟಿನ ಸದ್ದು ಮೂರು ಬೀದಿ ಆಚೆಗೆ ಕೇಳತ್ತೆ."

ಐಲ್ಸಾಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ. "ನಂಗೆ ಡುಬ್ಬದ ಹುಲ್ಲು ಬೇಕು," ಅಂದಳು.

"ಅರ್ಧ ತಗೊಂಡಾಗಿದೆ. ಮಿಕ್ಕರ್ಧಾನೂ ಬೇಕಾಯ್ತಾ?"

"ಒಂದೇ ಒಂದು ಪಟ್ಟಿ. ಒಂದು ಗೇಣಗಲ."

"ಯಾಕೆ?"

ಐಲ್ಸಾ ಹೇಳಿದಳು. ಯಂತ್ರ, ಕೊಳವೆ, ಎಣ್ಣೆ, ಪ್ರೆಂಟಿಸ್, ಎಲ್ಲವನ್ನೂ. ಗ್ರಿಜೆಲ್ ಹಿಟ್ಟಿನ ಕೈಯನ್ನು ಒರೆಸಿಕೊಳ್ಳುತ್ತ ಪೂರ್ತಿ ಕೇಳಿಸಿಕೊಂಡಳು. ಅವಳ ತುಟಿಯ ಕೊನೆ ಅದುರುತ್ತಿತ್ತು. ನಗು ತಡೆಯುತ್ತಿದ್ದಾಳೆ ಎಂದು ಐಲ್ಸಾಗೆ ಗೊತ್ತಾಯಿತು.

"ಆ ತುದಿಯಿಂದ ಈ ತುದಿ ತನಕ ಸುರೀತಾ ಬಂದಿದೆ. ಒಂದು ಸಲಾನೂ ತಿರುಗಿ ನೋಡ್ಲಿಲ್ವಾ?"

"ನಾನು ತಿರುಗಿ ನೋಡಲ್ಲ."

"ಅದೇ ನಿನ್ನ ರೋಗ ಹುಡುಗಿ. ಏಪ್ರಿಲ್‌ನಲ್ಲೂ ನೋಡ್ಲಿಲ್ಲ."

ಐಲ್ಸಾ ಸುಮ್ಮನಿದ್ದಳು. ಅವಳು ಸುಮ್ಮನಿರುವುದನ್ನು ಗ್ರಿಜೆಲ್ ನೋಡಿದ್ದು ಅದೇ ಮೊದಲು. ಹಾಗಾಗಿ ಕುರ್ಚಿ ಎಳೆದು ಕೂತಳು, ವ್ಯಾಪಾರಕ್ಕೆ ಕೂರುವ ಹಾಗೆ.

"ಹುಲ್ಲು ಕೊಡ್ತೀನಿ. ಬಡಗಣ ತಗ್ಗಿಂದ ತಗೋ, ಅಲ್ಲಿ ನೆಲ ಮಟ್ಟಸ. ಅದಕ್ಕೆ ಬದಲಾಗಿ ನಮ್ಮ ಬುಧವಾರ ನಮಗೆ ಬೇಕು."

"ಡುಬ್ಬದ ಮೇಲೆ ಅರ್ಧ ಕಂಬ, ಅರ್ಧ ಬೇಲಿ. ಎಲ್ಲಿ ಆಡ್ತೀರ?"

"ನಮ್ಮ ಹುಲ್ಲು ಎಲ್ಲಿದ್ಯೋ ಅಲ್ಲಿ. ಹದಿನೆಂಟನೇದರ ಮೇಲೆ."

ಐಲ್ಸಾ ಎದ್ದು ನಿಂತಳು. "ಮಾರನೇ ದಿನ ಚಾಂಪಿಯನ್‌ಷಿಪ್ಪು ಕಣ್ರೀ!"

"ಹೌದು. ನಮ್ಮ ಫೈನಲ್ಲೂ ಅವತ್ತೇ."

"ಪ್ರೆಂಟಿಸ್ ನನ್ನ ತಲೆ ತೆಗೀತಾನೆ."

"ತೆಗೀಲಿ ಬಿಡು. ಇದ್ದೂ ಏನು ಉಪಯೋಗ ಆಯ್ತು?"

ಒಲೆಯ ಮೇಲೆ ಕೆಟಲ್ ಕೂಗತೊಡಗಿತು. ಐಲ್ಸಾ ಅದು ನಿಲ್ಲುವವರೆಗೂ ಕಾದಳು. ಅವಳು ಯಾರಿಗೂ ಹೆದರಿದವಳಲ್ಲ, ಆದರೆ ಲೆಕ್ಕ ಅವಳಿಗೂ ಬರುತ್ತಿತ್ತು. ಹುಲ್ಲಿಲ್ಲದಿದ್ದರೆ ತಲೆ ಹೋಗಲು ಬುಧವಾರದವರೆಗೆ ಕಾಯುವ ಅಗತ್ಯವೇ ಇಲ್ಲ.

"ಚಪ್ಪಟೆ ಅಡಿಯ ಶೂ," ಅಂದಳು. "ಊರುಗೋಲು ಬೇಡ."

"ನಮ್ಮ ನೆಟ್ಟಾ ಊರುಗೋಲಿಲ್ದೆ ಎರಡು ಹೆಜ್ಜೆ ಹಾಕಲ್ಲ."

"ಹಾಗಾದ್ರೆ ತುದಿಗೆ ದಪ್ಪ ರಬ್ಬರು."

"ಆಯ್ತು. ಕೂತ್ಕೋ, ಸ್ಕೋನ್ ಬನ್ನು ತಿನ್ನು. ಗೇಟ್ ಹತ್ರ ಬಚ್ಚಿಟ್ಕೊಂಡಿದಾನಲ್ಲ ಗೌರ್ಲೆ, ಅವನನ್ನೂ ಕರಿ."

ಭಾನುವಾರ ಪೂರ್ತಿ ಕೆಲಸ ನಡೆಯಿತು. ಡುಬ್ಬದ ತಗ್ಗಿನಿಂದ ಹುಲ್ಲನ್ನು ಒಂದು ಮೊಳದ ತುಂಡುಗಳಾಗಿ, ಬೇರಿನ ಮಣ್ಣು ದಪ್ಪಗೆ ಉಳಿಯುವ ಹಾಗೆ ಎತ್ತಿದರು. ಐಲ್ಸಾ ಒಂದೊಂದನ್ನೂ ತನ್ನ ಕೈಯಲ್ಲೇ ಕೂರಿಸಿದಳು. ಹೊಸದಾಗಿ ಇಟ್ಟ ಹುಲ್ಲು ದಿನ ಕಳೆದಂತೆ ಸ್ವಲ್ಪ ಕುಸಿಯುತ್ತದೆ. ಆದ್ದರಿಂದ ಅಕ್ಕಪಕ್ಕದ ನೆಲಕ್ಕಿಂತ ಒಂದು ನಾಣ್ಯದ ದಪ್ಪದಷ್ಟು ಎತ್ತರಕ್ಕೆ ಇಡುವುದು ಈ ಕಸುಬಿನ ಎಲ್ಲರಿಗೂ ಗೊತ್ತಿರುವ ನಿಯಮ. ಹಾಗೆಯೇ ಇಟ್ಟಳು. ಸಂದುಗಳಿಗೆ ಮರಳು ತುಂಬಿ, ಉರುಳೆ ಹೊಡೆದು, ನೀರು ಚಿಮುಕಿಸಿ, ದೂರ ನಿಂತು ನೋಡಿದರೆ ಎಲ್ಲಿ ಹಳೆಯದು ಮುಗಿದು ಎಲ್ಲಿ ಹೊಸದು ಶುರುವಾಯಿತೆಂದು ಟ್ಯಾಮ್‌ನಂಥ ಟ್ಯಾಮ್‌ಗೇ ಹೇಳಲಾಗಲಿಲ್ಲ.

ಸೋಮವಾರ, ಮಂಗಳವಾರ ಆಟಗಾರರು ಅಭ್ಯಾಸಕ್ಕೆ ಬಂದರು. ಹದಿನೆಂಟನೆಯದರ ಮೇಲೆ ನಿಂತು ನಗುತ್ತ, ಮಾತಾಡುತ್ತ, ಚೆಂಡುಗಳನ್ನು ಬಿರುಸಾಗಿ ಅತ್ತಿತ್ತ ಹೊಡೆದು ಎತ್ತಿಕೊಂಡು ಹೋದರು. ಒಬ್ಬನಾದರೂ ಕಾಲ ಕೆಳಗೆ ನೋಡಲಿಲ್ಲ. ಐಲ್ಸಾ ಶಿಳ್ಳೆ ಹಾಕುತ್ತ ತಿರುಗುವುದನ್ನು ಕಂಡು, ಇನ್ನು ಇವಳನ್ನು ಹಿಡಿಯುವವರಿಲ್ಲ ಎಂದು ಟ್ಯಾಮ್ ಎಲ್ಲರ ಹತ್ತಿರ ಗೊಣಗಿದ.

ಬುಧವಾರ ಸಂಜೆ ಆಟಗಾರರು ಹೋದ ಮೇಲೆ ಹೆಂಗಸರು ಬಂದರು. ಬೇಲಿಯ ಕಾವಲಿನವರು ಬಿಡಲೇಬೇಕಲ್ಲ, ಅದಕ್ಕೆ ಐಲ್ಸಾ ಕೆಲಸಗಾರರ ಹಸಿರು ಜಾಕೆಟ್ಟುಗಳನ್ನು ಮೊದಲೇ ಕಳಿಸಿದ್ದಳು. ಮೊಣಕಾಲು ಮುಟ್ಟುವ ಜಾಕೆಟ್ಟು ತೊಟ್ಟ ಅಜ್ಜಿಯರು ಸಾಲಾಗಿ ನಡೆದು ಬಂದರು, ಎಲ್ಲರ ಕೈಯಲ್ಲೂ ಪಟಿಂಗ್ ಕೋಲು. ನೆಟ್ಟಾ ಬ್ರೂಸ್‌ಳ ಊರುಗೋಲಿನ ತುದಿಗೆ ಸೈಕಲ್ಲಿನ ಹಿಡಿಯ ರಬ್ಬರು ಸಿಕ್ಕಿಸಿತ್ತು. ಆಟ ಅರ್ಧಕ್ಕೆ ಬಂದಿತ್ತು ಎನ್ನುವಷ್ಟರಲ್ಲಿ ಪ್ರೆಂಟಿಸ್ ಬಂದ. ಬಂದವನು ಹಗ್ಗದ ಆಚೆಯೇ ಕಲ್ಲಾಗಿ ನಿಂತ.

"ಮಿಸ್ ಲಮ್ಸ್‌ಡೆನ್, ಯಾರು ಇವರೆಲ್ಲ?"

"ತುಳಿಯೋ ತಂಡ," ಅಂದಳು ಐಲ್ಸಾ, ಕಣ್ಣು ಮಿಟುಕಿಸದೆ. "ಹೊಸ ಹುಲ್ಲು ಕೂರಬೇಕಾದ್ರೆ ಮೆಲ್ಲಗೆ ತುಳೀಬೇಕು."

"ಅವರ ಕೈಯಲ್ಲಿ ಪಟಿಂಗ್ ಕೋಲಿದೆ."

"ಕೈ ಸುಮ್ನಿದ್ರೆ ಕಾಲು ನೆಟ್ಟಗೆ ನಡಿಯಲ್ಲ, ಮಿಸ್ಟರ್ ಪ್ರೆಂಟಿಸ್."

"ಚೆಂಡೂ ಇದೆ. ಆ ಹೆಂಗಸು ಅಂಕ ಬರ್ಕೋತಿದಾರೆ."

ಗ್ರಿಜೆಲ್ ಬಗ್ಗಿ ಚೆಂಡಿಡುತ್ತಿದ್ದವಳು ಅಲ್ಲಿಂದಲೇ ಕೂಗಿದಳು. "ಏನಪ್ಪಾ, ನಿಮ್ಮಮ್ಮ ಇದಾರಾ?"

"ಇದಾರೆ," ಅಂದ ಪ್ರೆಂಟಿಸ್, ಗಾಬರಿಯಾಗಿ.

"ಅವರು ಹೊಡೀವಾಗ ಹೀಗೇ ಮಾತಾಡ್ತೀಯಾ?"

ಪ್ರೆಂಟಿಸ್ ಬಾಯಿ ಮುಚ್ಚಿದ. ಪ್ರೇಕ್ಷಕರಿಗೆಂದು ಕಟ್ಟಿದ್ದ ಖಾಲಿ ಮೆಟ್ಟಿಲುಗಳ ಮೇಲೆ ಹೋಗಿ ಕೂತ. ಅವನೂ ಆಟದ ಹುಚ್ಚಿನವನೇ, ಇಲ್ಲದಿದ್ದರೆ ಈ ಕೆಲಸಕ್ಕೆ ಯಾಕೆ ಬರುತ್ತಿದ್ದ.

ಕೊನೆಗೆ ಗ್ರಿಜೆಲ್ ಮತ್ತು ನೆಟ್ಟಾ ಸಮಸಮ ಉಳಿದರು. ನೆಟ್ಟಾ ತನ್ನದನ್ನು ಮುಗಿಸಿದಳು. ಗ್ರಿಜೆಲ್‌ಗೆ ಒಂದೇ ಹೊಡೆತ ಬಾಕಿ. ಗುಳಿಗೆ ಬಿದ್ದರೆ ಚಮಚ ಅವಳದು, ತಪ್ಪಿದರೆ ನೆಟ್ಟಾಳದು. ಚೆಂಡಿಗೂ ಗುಳಿಗೂ ನಡುವೆ ಹೊಸ ಪಟ್ಟಿ ಅಡ್ಡ ಮಲಗಿತ್ತು. ಅವಳು ಬಹಳ ಹೊತ್ತು ನೋಡಿ, ಮಗುವಿನ ಬೆನ್ನು ತಟ್ಟುವಷ್ಟೇ ಮೆಲ್ಲಗೆ ತಟ್ಟಿದಳು. ಚೆಂಡು ನೆಟ್ಟಗೆ ಹೊರಟಿತು, ನಿಧಾನವಾಯಿತು, ಇನ್ನೇನು ನಿಲ್ಲಬೇಕು ಎನ್ನುವ ವೇಗದಲ್ಲಿ ಪಟ್ಟಿಗೆ ಬಂತು. ಅಲ್ಲಿ ಒಂದು ಕ್ಷಣ ತಡವರಿಸಿ, ಯಾರೋ ಕರೆದ ಹಾಗೆ ಸಮುದ್ರದ ಕಡೆಗೆ ತಿರುಗಿಕೊಂಡುಬಿಟ್ಟಿತು.

"ನನ್ನ ಚೆಂಡು ಎಡವಿತು," ಅಂದಳು ಗ್ರಿಜೆಲ್.

"ಎಡವಿದ್ದು ನಿಮ್ಮ ಕೈ," ಅಂದಳು ಐಲ್ಸಾ. "ನನ್ನ ನೆಲಕ್ಕೆ ಹೇಳಬೇಡಿ."

"ಕಣ್ಣೆದುರಿಗೇ ಎಡವಿದ್ದನ್ನ ಹೇಳಬಾರದಾ? ನೆಟ್ಟಾ, ನೀನು ಉರುಳಿಸು ನೋಡೋಣ. ಮೆಲ್ಲಗೆ."

ನೆಟ್ಟಾಳ ಚೆಂಡೂ ಅಲ್ಲೇ ಬಂದು ಅತ್ತಲೇ ತಿರುಗಿತು. ಮೂರನೆಯವಳದೂ ಅಷ್ಟೇ. ಪ್ರೆಂಟಿಸ್ ಮೆಟ್ಟಿಲಿಳಿದು ಬಂದ.

ಐಲ್ಸಾ ಹೊಟ್ಟೆಯ ಮೇಲೆ ಉದ್ದಕ್ಕೆ ಮಲಗಿ ಕೆನ್ನೆಯನ್ನು ಹುಲ್ಲಿಗೆ ಒತ್ತಿದಳು. ಜುಲೈ ತಿಂಗಳ ಸಂಜೆಯ ಬಿಸಿಲು ಅಡ್ಡಲಾಗಿ ಬೀಳುತ್ತಿತ್ತು. ಪಟ್ಟಿಯ ಅಂಚಿನುದ್ದಕ್ಕೂ ದಾರದಷ್ಟು ಸಣ್ಣ ನೆರಳು. ಹುಲ್ಲು ಒಂದು ಚೂರೂ ಕುಸಿದಿರಲಿಲ್ಲ. ಭಾನುವಾರ ಹೇಗೆ ಇಟ್ಟಿದ್ದಳೋ ಹಾಗೇ, ಒಂದು ನಾಣ್ಯದಷ್ಟು ಎತ್ತರದಲ್ಲಿ ನಿಂತಿತ್ತು. ಬಿರುಸಾದ ಚೆಂಡಿಗೆ ಅದು ಲೆಕ್ಕಕ್ಕಿಲ್ಲ. ಸಾಯುತ್ತಿರುವ ಚೆಂಡಿಗೆ ಮಾತ್ರ ಅದು ಹೊಸ್ತಿಲು. ಬರುವ ಭಾನುವಾರ ಸಂಜೆ ಚಾಂಪಿಯನ್‌ಷಿಪ್ಪನ್ನು ತೀರ್ಮಾನಿಸುವ ಚೆಂಡು ಅಂಥದ್ದೇ ಆಗಿರುತ್ತದೆ. ಐಲ್ಸಾಗೆ ಎರಡು ದಿನ ಶಿಳ್ಳೆ ಹಾಕಿಕೊಂಡು ತಿರುಗಿದ್ದು ನೆನಪಾಗಿ ನಾಚಿಕೆಯಾಯಿತು.

"ತಪ್ಪು ನಂದೇ," ಅಂದಳು, ಮಲಗಿದ್ದಲ್ಲಿಂದಲೇ. "ಕೂರತ್ತೆ ಅಂತ ಎತ್ತರ ಇಟ್ಟೆ. ಕೂತಿಲ್ಲ."

"ಹೇಗೆ ಕೂರತ್ತೆ?" ಅಂದಳು ಗ್ರಿಜೆಲ್. "ನಮ್ಮಜ್ಜಿ ತುಳಿದಿದ್ದು, ನಮ್ಮಮ್ಮ ತುಳಿದಿದ್ದು, ನಾನು ತುಳಿದಿದ್ದು. ಕೂರೋದೆಲ್ಲ ಯಾವಾಗ್ಲೋ ಕೂತಾಗಿದೆ."

ಪ್ರೆಂಟಿಸ್ ಗಂಟಲು ಸರಿಮಾಡಿಕೊಂಡ. "ಹಾಗಾದ್ರೆ ಬಾವುಟ ಮೂಲೆಗೆ ಹೋಗತ್ತೆ, ಮಿಸ್ ಲಮ್ಸ್‌ಡೆನ್. ಕ್ಷಮಿಸಿ."

ಐಲ್ಸಾ ಎದ್ದು ಕೂತಳು. ಮೂಗಿನ ಮೇಲೆ ಮರಳು ಅಂಟಿತ್ತು. ನಾಚಿಕೆ ಅವಳಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಕೆಲಸ ಕಂಡರೆ ತಾನಾಗಿ ಜಾಗ ಬಿಡುತ್ತದೆ. "ಇನ್ನೂ ಬೆಳಕಿದೆ," ಅಂದಳು. "ಬೆಳಕು ಹೋಗೋ ತನಕ ನೆಲ ನಂದು. ಟ್ಯಾಮ್, ಸಲಿಕೆ ತಗೊಂಡು ಬಾ. ಎಲ್ಲರನ್ನೂ ಕರಿ."

ತುಂಡುಗಳನ್ನು ಒಂದೊಂದಾಗಿ ಎತ್ತಿದರು. ಐಲ್ಸಾ ಮಂಡಿಯೂರಿ ಹಲಗೆಯಿಂದ ಕೆಳಗಿನ ಮರಳನ್ನು ನಾಣ್ಯದಷ್ಟೇ ಕೆರೆದು, ಬೆರಳಲ್ಲಿ ತಡವಿ, ಮತ್ತೆ ಕೆರೆದು, ತುಂಡನ್ನು ವಾಪಸ್ಸು ಇಟ್ಟಳು. ಮುಂದಿನದು, ಅದರ ಮುಂದಿನದು. ಈ ಸಲ ನಿಯಮವನ್ನು ನಂಬಲಿಲ್ಲ, ಕೆನ್ನೆಯನ್ನು ನಂಬಿದಳು. ಒಂದೊಂದನ್ನೂ ಮಲಗಿ ನೋಡಿದಳು. ಇಟ್ಟ ಮೇಲೆ ಗ್ರಿಜೆಲ್ ಯಾರೂ ಹೇಳದೆಯೇ ಹೆಂಗಸರನ್ನು ಸಾಲು ನಿಲ್ಲಿಸಿದಳು. ಒಬ್ಬರ ಭುಜದ ಮೇಲೆ ಒಬ್ಬರು ಕೈಯಿಟ್ಟು, ಹಿಮ್ಮಡಿಗೆ ಬೆರಳು ತಾಗಿಸುತ್ತ, ಆ ಪಟ್ಟಿಯ ಮೇಲೆ ಅವರು ಆಚೆಗೊಮ್ಮೆ ಈಚೆಗೊಮ್ಮೆ ನಡೆದರು.

"ನೋಡಿ, ತುಳಿಯೋ ತಂಡ ಅಂತ ಹೇಳಿದ್ನಲ್ಲ," ಅಂದಳು ಐಲ್ಸಾ ಪ್ರೆಂಟಿಸ್‌ಗೆ. ಅವನು ಮೊದಲ ಸಲ ನಕ್ಕ.

ಮುಗಿಯುವಾಗ ಬಿಸಿಲು ಚರ್ಚಿನ ಹಿಂದೆ ಇಳಿದಿತ್ತು, ಆಕಾಶದಲ್ಲಿ ಮಾತ್ರ ಬೆಳಕಿತ್ತು. ಮಲಗಿ ನೋಡಲು ನೆರಳೇ ಇಲ್ಲ.

"ಈಗ ಸರಿಯಾಗಿದೆ ಅಂತ ಹೇಗೆ ಗೊತ್ತಾಗತ್ತೆ?" ಪ್ರೆಂಟಿಸ್ ಕೇಳಿದ.

"ನನ್ನ ಹೊಡೆತ ಬಾಕಿ ಇದೆ," ಅಂದಳು ಗ್ರಿಜೆಲ್. "ಕೆಟ್ಟ ನೆಲದ ಮೇಲೆ ಹೋದದ್ದು ಲೆಕ್ಕಕ್ಕಿಲ್ಲ. ಏನು ನೆಟ್ಟಾ?"

"ಹೊಡಿ, ಹೊಡಿ," ಅಂದಳು ನೆಟ್ಟಾ. "ಇಲ್ದಿದ್ರೆ ನಾನು ಸಾಯೋ ತನಕ ಅದನ್ನೇ ಹೇಳ್ತಿರ್ತೀಯ."

ಚೆಂಡನ್ನು ಮೊದಲಿದ್ದ ಜಾಗದಲ್ಲೇ ಇಟ್ಟರು. ಗ್ರಿಜೆಲ್ ಜಾಕೆಟ್ಟಿನ ತೋಳು ಮಡಿಸಿಕೊಂಡು ನಿಂತಳು. ಐಲ್ಸಾ ಪಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಗುಳಿಯ ಕಡೆ ಅವಳು ನೋಡಲೇ ಇಲ್ಲ. ಚೆಂಡು ಹೊರಟಿತು. ನಿಧಾನವಾಯಿತು. ಸಾಯುತ್ತ ಸಾಯುತ್ತ ಪಟ್ಟಿಗೆ ಬಂತು, ಹತ್ತಿತು ಅನ್ನಿಸಲಿಲ್ಲ, ಇಳಿಯಿತು ಅನ್ನಿಸಲಿಲ್ಲ, ಬಂದ ದಾರಿಯಲ್ಲೇ ಸಾಗಿ ಆಚೆ ದಾಟಿತು. ದಾಟಿ, ಗುಳಿಯಿಂದ ಎರಡು ಬೆರಳು ಬಲಕ್ಕೆ ಹೋಗಿ ನಿಂತಿತು.

"ಸರಿ ಇದೆ!" ಐಲ್ಸಾ ನೆಗೆದು ಕೂಗಿದಳು. "ದಾಟಿತು! ನೋಡಿದ್ರಾ ಹೇಗೆ ದಾಟಿತು!" ಟ್ಯಾಮ್‌ನ ಟೋಪಿ ಕಿತ್ತು ಗಾಳಿಗೆ ಎಸೆದಳು. ಕೆಲಸಗಾರರು ಹೋ ಎಂದರು. ಪ್ರೆಂಟಿಸ್ ಬಂದು ಅವಳ ಕೈ ಹಿಡಿದು ಕುಲುಕಿ, ಬಾವುಟ ಎಲ್ಲಿ ಬೇಕೋ ಅಲ್ಲಿ ನೆಡಿ ಎಂದ. ಅಷ್ಟಾದ ಮೇಲೆಯೇ ಅವಳಿಗೆ ಗ್ರಿಜೆಲ್ ಚಮಚ ಸೋತಳೆಂದು ಹೊಳೆದದ್ದು.

ಗ್ರಿಜೆಲ್ ಕೋಲಿನ ಮೇಲೆ ಎರಡೂ ಕೈ ಊರಿ ಅವಳನ್ನೇ ನೋಡುತ್ತಿದ್ದಳು. "ನಾನು ಸೋತಿದ್ದಕ್ಕೆ ಇಷ್ಟು ಖುಷಿ ಪಟ್ಟೋರನ್ನ ಈ ವಯಸ್ಸಿನ ತನಕ ನೋಡಿರಲಿಲ್ಲ."

"ನಾನು..." ಅಂದಳು ಐಲ್ಸಾ.

"ಬಿಡು. ನೆಲ ಸರಿ ಇದೆ. ಈ ಸಲ ಹೋಗಿದ್ದು ನನ್ನ ಕೈಯೇ."

ಅದನ್ನು ಹೇಳಲು ಆ ಮುದುಕಿಗೆ ಎಷ್ಟು ಕಷ್ಟವಾಗಿರಬೇಕೆಂದು ಐಲ್ಸಾಗೆ ಚೆನ್ನಾಗಿ ಗೊತ್ತಿತ್ತು. ಇಬ್ಬರದೂ ಒಂದೇ ಮಣ್ಣಿನ ಸ್ವಭಾವ.

"ಏಪ್ರಿಲ್‌ನಲ್ಲಿ ನಿಮ್ಮನ್ನ ಕೇಳಬೇಕಿತ್ತು, ಮಿಸೆಸ್ ಕಿನ್ನಿಯರ್."

"ಹೂಂ," ಅಂದಳು ಗ್ರಿಜೆಲ್. "ಕೇಳಬೇಕಿತ್ತು. ಎಲ್ಲಿ, ಕೈ ಕೊಡು, ಸೊಂಟ ಹಿಡ್ಕೊಂಡಿದೆ."

ಚಾಂಪಿಯನ್‌ಷಿಪ್ಪು ನಾಲ್ಕು ದಿನ ನಡೆಯಿತು. ಗಾಳಿ ಬಂತು, ಒಂದು ಮಧ್ಯಾಹ್ನ ಕಡಲಿನ ಮಂಜು ಬಂತು, ದೊಡ್ಡ ದೊಡ್ಡ ಹೆಸರಿನವರು ದಿಬ್ಬಗಳ ಹುಲ್ಲಿನಲ್ಲಿ ಚೆಂಡು ಹುಡುಕಿ ಸುಸ್ತಾದರು. ಪತ್ರಿಕೆಯವರು ಎಲ್ಲವನ್ನೂ ಬರೆದರು, ಹದಿನೆಂಟನೆಯ ಗ್ರೀನಿನ ಬಗ್ಗೆ ಮಾತ್ರ ಒಂದು ಸಾಲೂ ಬರೆಯಲಿಲ್ಲ. ಈ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಬಹುಮಾನ ಇಲ್ಲ.

ಭಾನುವಾರ ಸಂಜೆ ಕೊನೆಯ ಚೆಂಡಿನ ಹೊತ್ತಿಗೆ ಮೆಟ್ಟಿಲುಗಳ ಮೇಲೆ ಕಾಲಿಡಲು ಜಾಗವಿರಲಿಲ್ಲ. ಪ್ರೆಂಟಿಸ್ ಹೆಂಗಸರಿಗೆ ಮುಂದಿನ ಸಾಲು ಕೊಡಿಸಿದ್ದ. ಐಲ್ಸಾ ಕೆಲಸಗಾರರ ಜೊತೆ ಹಗ್ಗದ ಪಕ್ಕ ನಿಂತಿದ್ದಳು. ಮುಂದಿದ್ದವನು ಸ್ಪೇನಿನ ಒಬ್ಬ ತರುಣ. ಗೆಲುವಿಗೆ ಅವನಿಗೆ ಒಂದು ಹೊಡೆತ ಸಾಕು, ಆದರೆ ಚೆಂಡು ಪಟ್ಟಿಯ ಆಚೆ ದೂರದಲ್ಲಿತ್ತು. ಅವನು ತುಂಬಾ ಹೊತ್ತು ನೋಡಿ ಬಹಳ ಮೆಲ್ಲಗೆ ತಟ್ಟಿದ. ಅಷ್ಟು ಸಾವಿರ ಜನ ಉಸಿರು ಬಿಗಿ ಹಿಡಿದರು, ಕಡಲಕಾಗೆಯ ಕೂಗು ಕೂಡ ಇರಲಿಲ್ಲ. ಚೆಂಡು ನಿಧಾನವಾಗಿ, ಇನ್ನೇನು ನಿಂತಿತು ಎನ್ನುವ ಹಾಗೆ ಪಟ್ಟಿಗೆ ಬಂತು, ದಾಟಿತು. ಅದು ಗುಳಿ ತಲುಪಲು ಇನ್ನೂ ಅಷ್ಟು ದೂರವಿದೆ ಎನ್ನುವಾಗಲೇ ಆ ಮೌನದಲ್ಲಿ ಯಾರೋ ಒಬ್ಬರು ಜೋರಾಗಿ ಚಪ್ಪಾಳೆ ತಟ್ಟಿದರು. ಸುತ್ತಲಿನವರು ಸಿಟ್ಟಿನಿಂದ ಶ್ ಎಂದರು. ಕಾವಲಿನವನು ಕೈಯೆತ್ತಿ ಗದರಿದ. ಮುಂದಿನ ಸಾಲಿನಲ್ಲಿ ಗ್ರಿಜೆಲ್ ಕಿನ್ನಿಯರ್ ಯಾರ ಮುಖವನ್ನೂ ನೋಡದೆ ತಟ್ಟುತ್ತಲೇ ಇದ್ದಳು. ಚೆಂಡು ಗುಳಿಗೆ ಬಿತ್ತೋ ಇಲ್ಲವೋ ಐಲ್ಸಾ ನೋಡಲಿಲ್ಲ, ಆ ಮುದುಕಿಯನ್ನೇ ನೋಡುತ್ತ, ಕಣ್ಣು ಒರೆಸಿಕೊಳ್ಳುವುದನ್ನೂ ಮರೆತು, ತಾನೂ ಚಪ್ಪಾಳೆ ತಟ್ಟತೊಡಗಿದಳು.